ಆರು ಚೀಲ ಅಡಿಕೆ ಹಾಕಿದ ಮೇಲೆ ಹೈಲಕ್ಸ್

ಜಗಳೂರಿನ ನಮ್ಮ ಭಾವ ಟೊಯೋಟಾ ಹೈಲಕ್ಸ್ ಪಿಕಪ್ ತಗೊಂಡು ಎಂಟು ತಿಂಗಳಾಯ್ತು. ಅಕ್ಕ, ಭಾವ ಕಾಶಿಗೆ ಹೋದಾಗ ಗಾಡಿ ಸುಮ್ನೆ ನಿಂತಿರೋದು ಬೇಡ ಅಂತ ಚನ್ನಗಿರಿಗೆ ತಂದು ಮೂರು ವಾರ ಓಡಿಸಿದೆ. ಅಡಿಕೆ ಕೊಯ್ಲಿನ ಕಾಲ ಬೇರೆ. ಹಾಗಾಗಿ ಇದು ಶೋರೂಮ್ ಟೆಸ್ಟ್ ಡ್ರೈವ್ ಅಲ್ಲ.

ಗಾಡಿ ಬಂದ ದಿನದಿಂದ ನಮ್ಮಿಬ್ಬರಿಗೂ ಒಂದೇ ಜಗಳ. ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಲಾರಿಗಿರೋ ಥರ ಉಕ್ಕಿನ ಪ್ಲೇಟುಗಳ ಕಟ್ಟು, ಯಾಕೆ? "ಅದೇ 2.8 ಲೀಟರ್ ಡೀಸೆಲ್ ಇಂಜಿನ್, ಅದೇ 204 ಪಿಎಸ್ ಶಕ್ತಿ, ಆಟೋಮ್ಯಾಟಿಕ್‌ನಲ್ಲಿ ಅದೇ 500 ಎನ್‌ಎಂ ಎಳೆತ. ಟೊಯೋಟಾದ್ದೇ ಎಸ್‌ಯುವಿ ಫಾರ್ಚುನರ್‌ಗೆ ಸುರುಳಿ ಸ್ಪ್ರಿಂಗ್, ಕಾಯಿಲ್ ಹಾಕಿ ನನಗೆ ಮಾತ್ರ ಲಾರಿ ಪ್ಲೇಟ್ ಹಾಕಿದ್ದಾರಲ್ಲೋ" ಅಂತ ಭಾವ. ಅವರ ಮಾತು ಸುಳ್ಳಲ್ಲ. ಎರಡೂ ಬಿಡದಿಯಲ್ಲೇ ತಯಾರಾಗುವ ಅಣ್ಣತಮ್ಮಂದಿರು. ಆದರೆ ಇದು ಭಾರ ಹೊರೋಕೆ ಹುಟ್ಟಿದ ತಮ್ಮ.

ಖಾಲಿ ಇದ್ದಾಗ ಹಂಪ್ ಮೇಲೆ ಹಿಂಭಾಗ ಕುಪ್ಪಳಿಸುತ್ತೆ. ಲೀಫ್ ಸ್ಪ್ರಿಂಗ್ ಇರುವ ಯಾವ ಪಿಕಪ್ ಆದರೂ ಅಷ್ಟೇ. ಒಂದು ಬೆಳಿಗ್ಗೆ 65 ಕೆಜಿಯ ಆರು ಚೀಲ ಒಣ ಅಡಿಕೆ ಹಾಕಿದೆ. ಒಟ್ಟು 390 ಕೆಜಿ. ಒಂದೊಂದು ಚೀಲ ಬಿದ್ದಾಗಲೂ ಬಗ್ಗಿ ಚಕ್ರದ ಹಿಂದೆ ನೋಡ್ತಾ ಇದ್ದೆ. ಮೊದಲ ಎರಡು ಚೀಲಕ್ಕೆ ಪ್ಲೇಟುಗಳು ಕದಲಲೇ ಇಲ್ಲ ಅನ್ನಬೇಕು. ಆರನೆಯದು ಬಿದ್ದಾಗ ಮೆಲ್ಲಗೆ ಎರಡು ಬೆರಳಿನಷ್ಟು ಕೂತವು. ಆಮೇಲೆ ಮಂಡಿಗೆ ಹೋಗುವ ದಾರಿಯಲ್ಲಿ ಅದೇ ಹಂಪ್, ಅದೇ ಗಾಡಿ, ಕುಪ್ಪಳಿಸೋದು ನಿಂತೇ ಹೋಗಿತ್ತು. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಥೇಟ್ ಹಾಗೆ. ಮೆತ್ತನೆ ಕಾಯಿಲ್ ಇದ್ದಿದ್ದರೆ ಹಿಂಭಾಗ ಕುಸಿದು, ಹೆಡ್‌ಲೈಟ್ ತೆಂಗಿನ ಗರಿ ನೋಡ್ತಾ ಇರ್ತಿತ್ತು. ಭಾವ ವಾರಕ್ಕೊಮ್ಮೆ ದಾವಣಗೆರೆಗೆ ಬೆಣ್ಣೆ ದೋಸೆ ತಿನ್ನೋಕೆ ಒಬ್ಬರೇ ಹೋಗ್ತಾರೆ. ಹಿಂದೆ ಒಂದು ಚೀಲ ಗೊಬ್ಬರವನ್ನಾದರೂ ಹಾಕಿಕೊಳ್ಳಿ ಅಂದರೆ ಸಿಟ್ಟು ಬರುತ್ತೆ.

ಹಿಂದಿನ ಡ್ರಮ್ ಬ್ರೇಕ್ ಬಗ್ಗೆಯೂ ಜನ ಮೂಗು ಮುರೀತಾರೆ. ಕೆಸರಲ್ಲಿ ಓಡಾಡುವ ಗಾಡಿಗೆ ಮುಚ್ಚಿರುವ ಬ್ರೇಕ್ ಇರೋದು ನನಗಂತೂ ತಪ್ಪು ಅನ್ನಿಸಲ್ಲ.

ನನ್ನ ತಕರಾರು ಬೇರೆ. ಉದ್ದ 5325 ಮಿಮೀ, ಅಂದರೆ ಹದಿನೇಳೂವರೆ ಅಡಿ. ಅಷ್ಟು ಉದ್ದದ ಗಾಡಿಯಲ್ಲಿ ಸಾಮಾನಿಗೆ ಸಿಗೋದು ಐದಡಿ ಚಿಲ್ಲರೆ ಬಾಡಿ! ಉಳಿದದ್ದನ್ನೆಲ್ಲ ಬಾನೆಟ್ ಮತ್ತು ಎರಡು ಸಾಲು ಸೀಟು ನುಂಗಿವೆ. ನಮ್ಮಲ್ಲಿ ಮಾರೋದು ಡಬಲ್ ಕ್ಯಾಬ್ ಒಂದೇ. ಒಂದೇ ಸಾಲು ಸೀಟು, ಹಿಂದೆ ಎಂಟಡಿ ಬಾಡಿ ಇದ್ದಿದ್ದರೆ ನಾನೇ ಒಂದು ಬುಕ್ ಮಾಡ್ತಿದ್ದೆನೋ ಏನೋ. ತೋಟಕ್ಕೆ 20 ಅಡಿಯ ಪಿವಿಸಿ ಪೈಪ್ ಬೇಕಿತ್ತು. ಕ್ಯಾಬಿನ್ ಹಿಂದೆ ಪೈಪ್ ಆನಿಸೋಕೆ ಒಂದು ಕಂಬಿ ಇಲ್ಲ. ನೇರ ಚಾವಣಿ ಮೇಲೆ ಒರಗಿಸಿದರೆ ಭಾವನ ಬಿಳಿ ಪೇಂಟ್ ಕೆತ್ತಿ ಹೋಗುತ್ತೆ. ಕೊನೆಗೆ ಪಕ್ಕದ ಮನೆಯವರ ಹಳೇ ಲಗೇಜ್ ಗಾಡಿಯಲ್ಲಿ, ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಪೈಪ್ ಬಂದವು. ಆನ್ ರೋಡ್ 30 ಲಕ್ಷ ದಾಟಿದ ಗಾಡಿ ಅಂಗಳದಲ್ಲಿ ನಿಂತು ನೋಡ್ತಾ ಇತ್ತು.

ಹಿಂದಿನ ಬಾಡಿಯ ಮುಚ್ಚಳವನ್ನು ಭಾವ ಬೆಂಗಳೂರಿನ ಒಂದು ಅಂಗಡಿಯಲ್ಲಿ ಹಾಕಿಸಿದ್ದರು. ನೀರು ಒಂದು ಹನಿಯೂ ಇಳಿಯಲ್ಲ ಅಂದಿದ್ದರಂತೆ. ಒಂದು ಸಂಜೆ ಮಳೆಗೆ ಎಡ ಮೂಲೆಯಲ್ಲಿ ಇಳಿದು ಚೀಲದ ಕಿವಿ ನೆನೀತು. ಅಡಿಕೆಗೆ ನೀರು ತಾಗಿದರೆ ರೇಟ್ ಏನಾಗುತ್ತೆ ಅಂತ ಅಂಗಡಿಯವರಿಗೆ ಏನು ಗೊತ್ತು. ರಬ್ಬರ್ ಕಿತ್ತು ನಾನೇ ಸಿಲಿಕೋನ್ ಬಳಿದೆ.

ಗಾಡಿ ವಾಪಸ್ ಕೊಡಲು ಹೋದ ದಿನ ಜಗಳೂರಿನ ಕಡೆ ಚೆನ್ನಾಗಿ ಮಳೆಯಾಗಿತ್ತು. ಭಾವನ ಎರೆ ಹೊಲದ ಬದುವಿನ ಪಕ್ಕ ಇಳಿಸಿದೆ. ಬೇಕಿರಲಿಲ್ಲ, ಹುಮ್ಮಸ್ಸು. ಹತ್ತು ಮಾರು ಹೋಗುವಷ್ಟರಲ್ಲಿ ಎರೆಮಣ್ಣು ಟೈರಿನ ಸಂದೆಲ್ಲ ತುಂಬಿ, 18 ಇಂಚಿನ ಚಕ್ರಗಳು ರಾಗಿ ಮುದ್ದೆ ಥರ ನುಣ್ಣಗಾದವು. ಬಲಗಡೆ ಹಿಂದಿನದು ಸುಮ್ನೆ ತಿರುಗ್ತಾ ಇತ್ತು, ಎಡಗಡೆಯದು ಅಲ್ಲಾಡಲಿಲ್ಲ. ಎರಡು ಚಕ್ರಕ್ಕೂ ಇಂಜಿನ್ ಬಲ ಹಂಚುವ ಡಿಫರೆನ್ಷಿಯಲ್ ಬುದ್ಧಿಯೇ ಅದು, ಯಾವ ಚಕ್ರ ಸಲೀಸಾಗಿ ತಿರುಗುತ್ತೋ ಅದೇ ತಿರುಗುತ್ತೆ. ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಗುಂಡಿ ತಿರುಗಿಸಿ ಎಲ್4 ಮಾಡಿದೆ, ಅಂದರೆ ನಾಲ್ಕೂ ಚಕ್ರ ನಿಧಾನವಾಗಿ, ಜೋರಾಗಿ ಎಳೆಯೋ ಗೇರ್. ಹಿಂದಿನ ಡಿಫರೆನ್ಷಿಯಲ್ ಲಾಕ್ ಒತ್ತಿದೆ. ಈಗ ಎರಡೂ ಚಕ್ರ ಒಟ್ಟಿಗೇ ತಿರುಗಲೇಬೇಕು. ಗಾಡಿ ಎಮ್ಮೆ ಕೆರೆಯಿಂದ ಏಳೋ ಹಾಗೆ, ಆತುರವೇ ಇಲ್ಲದೆ ಎದ್ದು ಬಂತು. ಈ ಒಂದು ಬಟನ್ ಇಟ್ಟವರಿಗೆ ನನ್ನ ನಮಸ್ಕಾರ. ಟೈರ್ ಮಾತ್ರ ನಮ್ಮ ಎರೆ ಹೊಲ ನೋಡಿ ಆರಿಸಿದ್ದಲ್ಲ. ಹೊಲಕ್ಕೆ ಇಳಿಸೋರು ಮಡ್ ಟೈರ್ ಹಾಕಿಸಿಕೊಳ್ಳಬೇಕು.

ದಾವಣಗೆರೆ ಚೌಕಿಪೇಟೆ ಗಲ್ಲಿಗಳಿಗೆ ಇದನ್ನು ಒಯ್ಯಬೇಡಿ, ಅಷ್ಟೇ ಹೇಳ್ತೀನಿ.

ಕೀ ಕೊಡುವಾಗ ಭಾವ ಕೇಳಿದ್ದು ಒಂದೇ. "ಈಗ ಹೇಳಪ್ಪ, ಪ್ಲೇಟೋ ಕಾಯಿಲ್ಲೋ?"

"ಪ್ಲೇಟೇ ಭಾವ, ನೀವು ಸೀಟು ಕಿತ್ತು ಹಾಕ್ಸಿ."

ಒಳಗಿನಿಂದ ಅಕ್ಕ ಕೂಗಿದಳು. "ಸೀಟು ಕಿತ್ತರೆ ನಾನು ಎಲ್ಲಿ ಕೂರಲಿ, ಅಡಿಕೆ ಚೀಲದ ಮೇಲಾ?"