ನಕ್ಷತ್ರ ವೀಕ್ಷಣೆ ಕ್ಯಾಂಪಿಗೆ ದುಡ್ಡು ಕಟ್ಟುವ ಮೊದಲು ಪಂಚಾಂಗ ತೆಗೆದು ನೋಡಿ

2024ರ ಡಿಸೆಂಬರ್ 13ರ ರಾತ್ರಿ ಬೆಂಗಳೂರಿನ ಹೊರಗಿನ ಒಂದು ರೆಸಾರ್ಟಿನಲ್ಲಿ ನಡೆದ ‘ಉಲ್ಕಾಪಾತ ಕ್ಯಾಂಪ್’ ಯಾಕೆ ಹಾಳಾಯಿತು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇವೆ. ಹೆಸರು ಬೇಡ. ಇಂಥ ಕ್ಯಾಂಪುಗಳು ಚಳಿಗಾಲ ಬಂದರೆ ಸಾಲುಸಾಲಾಗಿ ಹುಟ್ಟುತ್ತವೆ.

ಮೋಡದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಆಕಾಶ ಶುಭ್ರವಾಗಿತ್ತು. ಕೆಟ್ಟದ್ದು ತಾರೀಖು. ಜೆಮಿನಿಡ್ಸ್ ಉಲ್ಕಾಪಾತ ಪ್ರತಿವರ್ಷ ಡಿಸೆಂಬರ್ 13–14ರ ಸುಮಾರಿಗೇ ಜೋರಾಗುತ್ತದೆ, ಆದರೆ ಆ ವರ್ಷ 15ಕ್ಕೆ ಹುಣ್ಣಿಮೆ. ಸಂಜೆಯಿಂದ ಬೆಳಗಿನ ಜಾವದವರೆಗೆ ತುಂಬುಚಂದ್ರ ಮೇಲೆಯೇ ಇದ್ದ. ಜಾಹೀರಾತಿನ ‘ಗಂಟೆಗೆ 150 ಉಲ್ಕೆ’ ಸುಳ್ಳಲ್ಲ, ಅರ್ಧಸತ್ಯ: ಪೂರ್ತಿ ಕತ್ತಲಿದ್ದು, ಉಲ್ಕೆಗಳು ಹೊಮ್ಮುವ ಬಿಂದು ನೆತ್ತಿಯ ಮೇಲಿದ್ದರೆ ಸಿಗುವ ಲೆಕ್ಕ ಅದು. ನಮ್ಮಲ್ಲಿ ಆ ಬಿಂದು ಅತಿ ಎತ್ತರಕ್ಕೆ ಬರುವುದು ರಾತ್ರಿ ಎರಡರ ಹೊತ್ತಿಗೆ. ಕ್ಯಾಂಪಿನ ‘ವೀಕ್ಷಣೆ’ ಹನ್ನೊಂದಕ್ಕೇ ಮುಗಿದು ಎಲ್ಲರನ್ನೂ ಟೆಂಟಿಗೆ ಕಳಿಸಲಾಯಿತು. (ಆಗಸ್ಟಿನ ಪರ್ಸೀಡ್ಸ್ ಉಲ್ಕಾಪಾತದ ಹೆಸರಲ್ಲಿ ಮಲೆನಾಡಿಗೆ ಟಿಕೆಟ್ ಮಾರುವವರೂ ಇದ್ದಾರೆ. ಮಳೆಗಾಲದಲ್ಲಿ!)

ಇನ್ನು ದೂರದರ್ಶಕ. ‘525 ಪಟ್ಟು ವರ್ಧನೆ’ ಎಂದು ಬರೆದಿದ್ದರೆ ಅಲ್ಲಿಗೇ ಸಂಶಯಪಡಿ. ಈ ಸಂಖ್ಯೆ ಬರುವ ಬಗೆ ಹೀಗೆ: ನಾಭಿದೂರ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಬಿಂದುವಿನವರೆಗಿನ ದೂರ) 700 ಮಿ.ಮೀ., 4 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ), ಜೊತೆಗೆ ವರ್ಧನೆಯನ್ನು 3 ಪಟ್ಟು ಮಾಡುವ ಬಾರ್ಲೋ ಮಸೂರ; 700ನ್ನು 4ರಿಂದ ಭಾಗಿಸಿ 3ರಿಂದ ಗುಣಿಸಿದರೆ 525. ಕನ್ನಡಿಯ ವ್ಯಾಸ ಮಾತ್ರ 76 ಮಿ.ಮೀ. ಮಿ.ಮೀ. ಲೆಕ್ಕದ ವ್ಯಾಸದ ಎರಡರಷ್ಟು, ಅಂದರೆ ಸುಮಾರು 150 ಪಟ್ಟು, ದಾಟಿದ ಮೇಲೆ ಕಾಣುವುದು ದೊಡ್ಡದಾದ ಮಸುಕು ಅಷ್ಟೇ. ಅದಕ್ಕಿಂತ ದೊಡ್ಡ ತೊಂದರೆ, ಭೂಮಿ ತಿರುಗುತ್ತಿರುವುದು. ಮೋಟಾರಿಲ್ಲದ ಸ್ಟ್ಯಾಂಡಿನಲ್ಲಿ 525 ಪಟ್ಟಿಗೆ ಗ್ರಹ ಇಪ್ಪತ್ತು ಚಿಲ್ಲರೆ ಸೆಕೆಂಡಿನಲ್ಲಿ ನೋಟದಿಂದ ಪಾರು. ಸಾಲಿನಲ್ಲಿ ಮುಂದಿನವರು ಕಣ್ಣಿಡುವಷ್ಟರಲ್ಲಿ ಖಾಲಿ ಆಕಾಶ. ಅವರು ಟ್ಯೂಬ್ ಹಿಡಿದುಕೊಂಡರೆ ಮತ್ತೆ ಹುಡುಕಾಟ. ಅದೇ ಉಪಕರಣಕ್ಕೆ 10 ಮಿ.ಮೀ. ಐಪೀಸ್ ಹಾಕಿದ್ದರೆ 70 ಪಟ್ಟು ಸಿಗುತ್ತಿತ್ತು, ಎರಡೂವರೆ ನಿಮಿಷಕ್ಕಿಂತ ಹೆಚ್ಚು ಹೊತ್ತು ಗುರು ಮತ್ತು ಅದರ ನಾಲ್ಕು ಉಪಗ್ರಹ ನೆಟ್ಟಗೆ ಕಾಣುತ್ತಿದ್ದವು.

ಸಾಲಿನ ಲೆಕ್ಕವನ್ನೂ ಹಾಕಿ. 80 ಜನ, ಎರಡು ದೂರದರ್ಶಕ. ಒಬ್ಬೊಬ್ಬರಿಗೆ ಒಂದು ನಿಮಿಷ, ನಡುವೆ ಸರಿಪಡಿಸುವ ಹೊತ್ತು. ಒಂದು ಕಾಯ ತೋರಿಸಲು ಒಂದು ಗಂಟೆ ಬೇಕು. ಶನಿ ಹತ್ತೂವರೆಗೆ ಪಶ್ಚಿಮದಲ್ಲಿ ತೀರಾ ಕೆಳಗಿಳಿದಿತ್ತು, ಸಾಲಿನ ಹಿಂದಿದ್ದವರಿಗೆ ಸಿಕ್ಕಿದ್ದು ಕುದಿಯುವ ಒಂದು ಚುಕ್ಕಿ. ಪೋಸ್ಟರಿನಲ್ಲಿ ಅಗಲ ಬಳೆಯ ಚಿತ್ರ ಹಾಕಿದ್ದರು. ಉಂಗುರಗಳು 2025ರ ಮಾರ್ಚಿಗೆ ನಮ್ಮತ್ತ ಅಂಚು ತಿರುಗಿಸುವುದಿತ್ತು, ಆದ್ದರಿಂದ ಆಗಲೇ ಗೆರೆಯಷ್ಟು ತೆಳ್ಳಗಾಗಿದ್ದವು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆಯೂ ಕಣ್ಣಿಗೆ ಗುಲಾಬಿಯಾಗಿ ಕಾಣುವುದಿಲ್ಲ, ಬೂದು ಮಂಜಿನಂತಿರುತ್ತದೆ. ಇದನ್ನು ಮೊದಲೇ ಹೇಳುವವರೇ ನಂಬಿಕಸ್ಥರು.

ಕ್ಯಾಂಪ್‌ಫೈರ್ ಮತ್ತು ಡಿಜೆ ದೀಪಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕತ್ತಲಿಗೆ ಕಣ್ಣು ಹೊಂದಲು 20–30 ನಿಮಿಷ ಬೇಕು, ಒಂದು ಮೊಬೈಲ್ ಟಾರ್ಚ್ ಬಿದ್ದರೆ ಮತ್ತೆ ಸೊನ್ನೆಯಿಂದ. ನಿಮ್ಮ ಟಾರ್ಚಿಗೆ ಎರಡು-ಮೂರು ಪದರ ಕೆಂಪು ಸೆಲ್ಲೋಫೇನ್ ಸುತ್ತಿಕೊಂಡು ಹೋಗಿ. ಹಸಿರು ಲೇಸರನ್ನು ಮಕ್ಕಳ ಕೈಗೆ ಕೊಡುವ ಆಯೋಜಕರಿದ್ದರೆ ದೂರ ನಿಲ್ಲಿ. ಅಗ್ಗದ ಲೇಸರುಗಳಲ್ಲಿ ಅವಕೆಂಪು ತಡೆಯುವ ಫಿಲ್ಟರ್ ಇಲ್ಲದಿರುವುದುಂಟು, ಕಣ್ಣಿಗೆ ಕಾಣದ ಆ ಕಿರಣವೂ ಅಕ್ಷಿಪಟಲ ಸುಡುತ್ತದೆ.

ದುಡ್ಡು ಕಟ್ಟುವ ಮೊದಲು ಫೋನಿನಲ್ಲಿ ಇಷ್ಟು ಕೇಳಿ: ಚಂದ್ರ ಎಷ್ಟು ಹೊತ್ತಿಗೆ ಮುಳುಗುತ್ತಾನೆ, ದೂರದರ್ಶಕದ ವ್ಯಾಸ ಎಷ್ಟು ಮಿ.ಮೀ., ಒಂದಕ್ಕೆ ಎಷ್ಟು ಜನ, ರೆಸಾರ್ಟಿನ ದೀಪ ಆರಿಸುವ ಅಧಿಕಾರ ಯಾರಿಗಿದೆ, ಮೋಡ ಕವಿದರೆ ಹಣ ವಾಪಸ್ಸೋ. ವ್ಯಾಸ ಕೇಳಿದ್ದಕ್ಕೆ ‘ತುಂಬಾ ಪವರ್‌ಫುಲ್ ಸಾರ್’ ಅಂದರೆ ಫೋನ್ ಇಟ್ಟುಬಿಡಿ.

ಮೇಲಿನವೆಲ್ಲ ದುಡ್ಡಿನ ನಷ್ಟ. ಮರುದಿನ ಬೆಳಿಗ್ಗೆ ‘ಸೂರ್ಯಕಲೆ ತೋರಿಸುತ್ತೇವೆ’ ಎಂದು ಅದೇ ದೂರದರ್ಶಕ ಹೊರಗಿಟ್ಟದ್ದು ಬೇರೆಯೇ ಮಟ್ಟದ ಅಪಾಯ. ಅಗ್ಗದ ಸೆಟ್ಟಿನ ಜೊತೆ ಬರುವ, ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ಗಾಜು ಬಳಸಿದ್ದರು. ಕನ್ನಡಿ ಒಟ್ಟುಗೂಡಿಸಿದ ಬಿಸಿಲೆಲ್ಲ ಅದರ ಮೇಲೇ ಬೀಳುತ್ತದೆ; ಕಾದ ಗಾಜು ಯಾವ ಕ್ಷಣದಲ್ಲಾದರೂ ಸೀಳಬಹುದು, ಆಗ ಕಣ್ಣು ಹಿಂತೆಗೆಯಲು ಸಮಯವಿರುವುದಿಲ್ಲ. ಸೌರ ಫಿಲ್ಟರ್ ಇರಬೇಕಾದದ್ದು ಟ್ಯೂಬಿನ ಮುಂಬಾಯಿಗೆ, ಪೂರ್ತಿ ಮುಚ್ಚುವಂತೆ, ಗಾಳಿಗೆ ಹಾರದಂತೆ ಟೇಪು ಹಾಕಿ. ಪಕ್ಕದ ಫೈಂಡರಿಗೂ (ಗುರಿ ಹಿಡಿಯುವ ಪುಟ್ಟ ದೂರದರ್ಶಕ) ಮುಚ್ಚಳ ಬೇಕು. ಹಾಗಿಲ್ಲದಿದ್ದರೆ ನಿಮ್ಮ ಮಕ್ಕಳನ್ನು ಸಾಲಿನಿಂದ ಈಚೆಗೆ ಕರೆದುಕೊಳ್ಳಿ, ಉಳಿದವರಿಗೂ ಜೋರಾಗಿಯೇ ಹೇಳಿ.