ಹೆಡಿ ಟಾಪರ್, ಸಿಪ್ ಆಫ್ ಸನ್‌ಶೈನ್, ಹೇಜ್: ಮೂರರಲ್ಲಿ ಯಾವುದು?

ಬಾಸ್ಟನ್ ಸುತ್ತಮುತ್ತಲಿನ ನಮ್ಮ ಕನ್ನಡದವರು ಒಂದು ಕಡೆ ಸೇರಿದರೆ ಬಿಯರ್ ವಿಷಯ ಬಂದೇ ಬರುತ್ತದೆ. ಮಬ್ಬು ಮಬ್ಬಾಗಿ ಹಣ್ಣಿನ ರಸದ ಹಾಗೆ ಕಾಣುವ ಆ ಹೇಜಿ ಐಪಿಎಗಳಲ್ಲಿ (ಐಪಿಎ ಅಂದರೆ ಹಾಪ್ಸ್, ಅಂದರೆ ಕಹಿ ಮತ್ತು ಪರಿಮಳ ಕೊಡುವ ಹೂವು, ಜಾಸ್ತಿ ಹಾಕಿದ ಬಿಯರ್) ಯಾವುದು ಚೆನ್ನಾಗಿದೆ ಅಂತ ಕೇಳುತ್ತಾರೆ. ನಾನು ಮತ್ತೆ ಮತ್ತೆ ಕೊಳ್ಳುವುದು ಮೂರನ್ನು. ವರ್ಮಾಂಟಿನ ಆಲ್ಕೆಮಿಸ್ಟ್‌ನವರ ಹೆಡಿ ಟಾಪರ್, ಅದೇ ರಾಜ್ಯದ ಲಾಸನ್ಸ್‌ನವರ ಸಿಪ್ ಆಫ್ ಸನ್‌ಶೈನ್, ಮ್ಯಾಸಚೂಸೆಟ್ಸ್‌ನ ಟ್ರೀ ಹೌಸ್‌ನವರ ಹೇಜ್. ಆಲ್ಕೋಹಾಲ್ ಮೊದಲೆರಡರಲ್ಲಿ 8%, ಹೇಜ್‌ನಲ್ಲಿ 8.2%.

ಊರಲ್ಲಿ ಸ್ಟ್ರಾಂಗ್ ಬಿಯರ್ ಕುಡಿದವರಿಗೆ ಈ ಅಂಕಿ ಹೊಸದಲ್ಲ. ಆದರೆ ಅಲ್ಲಿ ಮೊದಲ ಗುಟುಕಿಗೇ ಗಂಟಲಿಗೆ ಗೊತ್ತಾಗುತ್ತದೆ. ಇಲ್ಲಿ ಹಣ್ಣಿನ ಪರಿಮಳ, ಬಾಯಲ್ಲಿ ಸಿಗುವ ನುಣುಪು ಎರಡೂ ಸೇರಿ ಆಲ್ಕೋಹಾಲನ್ನು ಮುಚ್ಚಿಬಿಡುತ್ತವೆ. ಹಾಗಾಗಿ ಮೊದಲ ಗುಟುಕಿನಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ನಿಜವಾದ ಪರೀಕ್ಷೆ ಗ್ಲಾಸಿನ ಕೊನೆಯ ಕಾಲು ಭಾಗ. ಬಿಯರ್ ಸ್ವಲ್ಪ ಬೆಚ್ಚಗಾಗಿರುತ್ತದೆ, ಗ್ಯಾಸ್ ಇಳಿದಿರುತ್ತದೆ, ಆಗ ಬಚ್ಚಿಟ್ಟುಕೊಳ್ಳಲು ಅದಕ್ಕೆ ಜಾಗವೇ ಇರುವುದಿಲ್ಲ.

ಮೂರನ್ನೂ ಒಂದೇ ಸಂಜೆ, ಒಂದೇ ಥರದ ಗ್ಲಾಸಿನಲ್ಲಿ ಇಟ್ಟುಕೊಂಡೆ. ಎಲ್ಲವೂ ಹೊಸ ಕ್ಯಾನ್‌ಗಳೇ. ಯಾವುದು ಯಾವುದೆಂದು ತಿಳಿಯದಿರಲಿ ಅಂತ ಗೆಳೆಯನೊಬ್ಬ ಅಡುಗೆಮನೆಯಲ್ಲೇ ಸುರಿದು ತಂದುಕೊಟ್ಟ. ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿಯಬಾರದು. ನಾಲಿಗೆ ಮರಗಟ್ಟಿದರೆ ರುಚಿ ಎಲ್ಲಿಂದ ಸಿಗಬೇಕು? ಹತ್ತು ನಿಮಿಷ ಹೊರಗಿಟ್ಟರೆ ಸಾಕು.

ಮೂಗಿಗೆ ಮೊದಲು ಗೆದ್ದದ್ದು ಹೇಜ್. ಕಿತ್ತಳೆ, ಪೀಚ್, ಚೆನ್ನಾಗಿ ಮಾಗಿದ ಮಾವು. ಬಾಯಲ್ಲಿ ದಪ್ಪ, ಮೆತ್ತಗೆ, ಕಹಿ ಬಹಳ ಹಿಂದೆ. ಐಪಿಎ ಅಂದರೆ ಮುಖ ಸಿಂಡರಿಸುವವರಿಗೂ ಇದು ಹಿಡಿಸುತ್ತದೆ. ಅರ್ಧ ಗ್ಲಾಸಿನವರೆಗೂ ಇದೇ ಮೊದಲು ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಸಿಹಿ ಮುಂದೆ ಬಂತು, ನಾಲಿಗೆ ಮೇಲೆ ಒಂದು ಪದರ ಕೂತಿತು. ರುಚಿ ಕೆಡಲಿಲ್ಲ, ಆದರೆ ಹೊಟ್ಟೆ ತುಂಬಿತು. ಇಬ್ಬರು ಹಂಚಿಕೊಂಡು ಕುಡಿದರೆ ಈ ಮಾತೇ ಬರುವುದಿಲ್ಲ.

ಸಿಪ್ ಆಫ್ ಸನ್‌ಶೈನ್ ಮೂರರಲ್ಲಿ ಕಡಿಮೆ ಮಬ್ಬು. ಅನಾನಸ್ ಪರಿಮಳ, ಹಿಂದೆ ಒಂದು ಚೂರು ಕ್ಯಾರಮೆಲ್‌ನಂಥ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರುಚಿ. ಹಳೇ ಕಾಲದ ಐಪಿಎ ಕಡೆಗೂ ಒಂದು ಕಾಲು ಇಟ್ಟಿದೆ. ಊಟದ ಜೊತೆ ಚೆನ್ನಾಗಿ ಹೋಗುತ್ತದೆ, ಖಾರದ ಹುರಿದ ಕೋಳಿಯ ಜೊತೆಗಂತೂ ಇದೇ ಸರಿ.

ಹೆಡಿ ಟಾಪರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ಮಬ್ಬಿನ ಬಿಯರಿಗೆ ದೇಶದಲ್ಲೆಲ್ಲ ಹೆಸರು ತಂದುಕೊಟ್ಟದ್ದು ಹೆಚ್ಚಾಗಿ ಇದೇ. ಮೊದಲು ವರ್ಮಾಂಟಿನ ವಾಟರ್‌ಬರಿ ಊರಲ್ಲಿದ್ದ ಆಲ್ಕೆಮಿಸ್ಟ್‌ನವರ ಪಬ್ಬಿನಲ್ಲಿ ಮಾತ್ರ ಸಿಗುತ್ತಿತ್ತು. 2011ರ ಆಗಸ್ಟಿನಲ್ಲಿ ಐರೀನ್ ಚಂಡಮಾರುತದ ನೆರೆ ಆ ಪಬ್ಬನ್ನು ಮುಳುಗಿಸಿತು. ಅದೇ ವಾರ ಹೊಸ ಘಟಕದಲ್ಲಿ ಕ್ಯಾನಿಗೆ ತುಂಬಲು ಶುರು ಮಾಡಿದರು. ಹಣ್ಣಿನ ಪರಿಮಳಕ್ಕೆ ಹಾಪ್ಸ್ ಜೊತೆ ಕೋನನ್ ಅನ್ನುವ ಯೀಸ್ಟ್ ಕೂಡ ಕಾರಣ.

ಕುಡಿದರೆ ಮೊದಲು ಹಣ್ಣು, ಕೂಡಲೇ ಪೈನ್ ಮರದ ಅಂಟಿನ ಘಾಟು, ಆಮೇಲೆ ಕಹಿ. ಚಕ್ಕೋತ ಸುಲಿಯುವಾಗ ತೊಳೆಗೆ ಅಂಟಿಕೊಂಡ ಬಿಳಿ ಸಿಪ್ಪೆ ಬಾಯಿಗೆ ಸಿಗುತ್ತದಲ್ವಾ, ಸರಿಯಾಗಿ ಆ ಕಹಿ. ಅದೇ ಇದರ ಬಲ. ಪ್ರತಿ ಗುಟುಕಿನ ಕೊನೆಗೆ ಆ ಕಹಿ ಬಂದು ಬಾಯಿ ಒಣಗಿಸಿ, ಸಿಹಿಯನ್ನು ಗುಡಿಸಿ ಹಾಕುತ್ತದೆ. ಕೊನೆಯ ಕಾಲು ಭಾಗವೂ ಮೊದಲಿನಷ್ಟೇ ಚುರುಕು. ಗೆಳೆಯ ಹೆಸರು ಹೇಳುವ ಮೊದಲೇ ನಾನು ಇದಕ್ಕೆ ಮೊದಲ ಸ್ಥಾನ ಕೊಟ್ಟಿದ್ದೆ.

ಕ್ಯಾನಿನಿಂದಲೇ ಕುಡಿಯಿರಿ ಅಂತ ಅದರ ಮೇಲೇ ಅಚ್ಚು ಹಾಕಿರುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಎರಡೂ ಥರ ಕುಡಿದು ನೋಡಿದೆ. ಕ್ಯಾನಿನ ಸಣ್ಣ ಬಾಯಿಗೆ ಮೂಗು ಇಡಲು ಆಗುವುದಿಲ್ಲ, ಪೈನ್ ವಾಸನೆ ಅರ್ಧ ತಪ್ಪಿಹೋಗುತ್ತದೆ. ಬಾಯಿ ಸ್ವಲ್ಪ ಒಳಗೆ ಬಾಗಿರುವ ಗ್ಲಾಸಿಗೆ ನಿಧಾನವಾಗಿ ಸುರಿಯಿರಿ.

ಇನ್ನು ಸಿಗುವ ಮಾತು. ಹೇಜ್ ಬೇಕೆಂದರೆ ನಾನು ಟ್ರೀ ಹೌಸ್‌ನವರ ಸ್ವಂತ ಮಳಿಗೆಗೇ ಹೋಗುತ್ತೇನೆ. ಚಾರ್ಲ್ಟನ್‌ನ ಮಳಿಗೆ ಬಾಸ್ಟನ್ನಿನಿಂದ ಸುಮಾರು ಒಂದು ಗಂಟೆ ದಾರಿ. ಹೆಡಿ ಟಾಪರ್‌ಗೆ ನಾನಂತೂ ಆಲ್ಕೆಮಿಸ್ಟ್‌ನವರ ಮಳಿಗೆ ಇರುವ ವರ್ಮಾಂಟಿನ ಸ್ಟೋ ಊರಿಗೇ ಹೋಗುತ್ತೇನೆ, ಮೂರು ಗಂಟೆಗಿಂತ ಜಾಸ್ತಿ. ಸಿಪ್ ಆಫ್ ಸನ್‌ಶೈನ್ ಹತ್ತಿರದ ಅಂಗಡಿಯಲ್ಲೇ ಸಿಗುತ್ತದೆ. ದೂರ ಹೋಗಲಾಗದವರು ಸುಮ್ನೆ ಅದನ್ನೇ ತನ್ನಿ, ಮೋಸವಿಲ್ಲ. ಕಾರಿನಲ್ಲಿ ಬಂದವರಿಗೆ ಒಂದು ಲೆಕ್ಕ: 8% ಇರುವ 473 ಮಿಲಿಯ ಒಂದು ಕ್ಯಾನ್ ಅಂದರೆ ಅಮೆರಿಕದ ಅಳತೆಯಲ್ಲಿ ಎರಡು ಡ್ರಿಂಕಿಗಿಂತ ಸ್ವಲ್ಪ ಜಾಸ್ತಿಯೇ.

ಯಾವುದನ್ನೇ ಕೊಳ್ಳಿ, ಕ್ಯಾನ್ ತಿರುಗಿಸಿ ತುಂಬಿದ ದಿನಾಂಕ ನೋಡಿ. ಫ್ರಿಜ್ಜಿನ ಹೊರಗೆ ಜೋಡಿಸಿಟ್ಟದ್ದನ್ನು ಮುಟ್ಟಲೇಬೇಡಿ. ಇಷ್ಟು ಹಾಪ್ಸ್ ಇರುವ ಬಿಯರಿಗೆ ಗಾಳಿ ಮತ್ತು ಬಿಸಿ ಎರಡೂ ಶತ್ರು. ಹಳದಿ ಬಣ್ಣ ಕಂದಾಗುತ್ತದೆ, ಹಣ್ಣಿನ ಪರಿಮಳ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಒಂದು ತಿಂಗಳೊಳಗಿನದು ಸಿಕ್ಕರೆ ತೆಗೆದುಕೊಳ್ಳಿ. ಮೂರು ತಿಂಗಳು ದಾಟಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ.