ಎರೆಯ ಹೊಲಕ್ಕೆ ಯಾವ ಗಾಡಿ: ಜಿಮ್ನಿ, ಥಾರ್, ಗೂರ್ಖಾ ಮತ್ತು ನಾನು ಓಡಿಸದ ರಾಕ್ಸ್

ನಮ್ಮ ಹೊಲ ತಾಳಿಕೋಟೆ ತಾಲ್ಲೂಕಿನಲ್ಲಿ, ಡೋಣಿ ನದಿಯ ದಂಡೆಗೆ ಹತ್ತಿರದ ಎರೆಭೂಮಿಯಲ್ಲಿ, ಅಂದರೆ ಕಪ್ಪು ಜೇಡಿಮಣ್ಣಿನ ನೆಲದಲ್ಲಿ ಇದೆ. ಊರಿನ ಟಾರು ರಸ್ತೆಯಿಂದ ಹೊಲದ ಬದುವಿನವರೆಗೆ ಮೂರು ಕಿಲೋಮೀಟರ್ ಬಂಡಿದಾರಿ. ಬೇಸಿಗೆಯಲ್ಲಿ ಸ್ಕೂಟರ್ ಕೂಡ ಸರಾಗವಾಗಿ ಹೋಗುವ ಆ ದಾರಿ, ಎರಡು ಹದವಾದ ಮಳೆ ಬಿದ್ದ ಮೇಲೆ ಟ್ರ್ಯಾಕ್ಟರಿನ ಹೊರತು ಬೇರೆ ಯಾವುದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಿಂಗಾರಿ ಬಿಳಿಜೋಳದ ಬಿತ್ತನೆ ನಡೆಯುವುದೂ ಅಂಥ ದಿನಗಳಲ್ಲೇ. ಬೀಜ, ಗೊಬ್ಬರ, ಆಳುಗಳ ಬುತ್ತಿ, ಇವುಗಳ ಜೊತೆಗೆ ಎಪ್ಪತ್ತು ದಾಟಿದರೂ ಬಿತ್ತನೆಯ ದಿನ ಹೊಲದಲ್ಲಿ ನಿಲ್ಲಲೇಬೇಕೆನ್ನುವ ತಂದೆಯವರನ್ನು ಕರೆದೊಯ್ಯಲು ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಗಾಡಿಯೊಂದು ಬೇಕೆಂದು 2024ರಲ್ಲಿ ನಿಶ್ಚಯಿಸಿದೆವು.

ಆಗ ಮಾರುಕಟ್ಟೆಯಲ್ಲಿ ನಮ್ಮ ಅಳತೆಗೆ ಒದಗುತ್ತಿದ್ದವು ಮೂರೇ: ಮಾರುತಿ ಜಿಮ್ನಿ, ಮೂರು ಬಾಗಿಲಿನ ಮಹೀಂದ್ರಾ ಥಾರ್, ಫೋರ್ಸ್ ಗೂರ್ಖಾ. ನಾಲ್ಕನೆಯದು, ಐದು ಬಾಗಿಲಿನ ಥಾರ್ ರಾಕ್ಸ್, 2024ರ ಆಗಸ್ಟ್ 15ರಂದು ಅನಾವರಣಗೊಂಡಿತು. ಅದರ ಬುಕಿಂಗ್ ಆ ವರ್ಷದ ಅಕ್ಟೋಬರ್ 3ರಿಂದ ಆರಂಭವಾಗಿ, ಗಾಡಿ ಜನರ ಕೈಗೆ ಬಂದದ್ದು ದಸರೆಯ ಹೊತ್ತಿಗೆ. ಮೊದಲ ಮೂರನ್ನು ಆ ವರ್ಷದ ಜೂನ್ ಮತ್ತು ಜುಲೈ ತಿಂಗಳಲ್ಲಿ ನಾನೇ ಓಡಿಸಿ ನೋಡಿದ್ದೇನೆ. ನಾಲ್ಕನೆಯದು ನಮಗೆ ಒದಗುತ್ತದೆಯೇ ಎಂಬುದನ್ನು ಆ ಅನುಭವದ ಆಧಾರದ ಮೇಲೆ ಅಳೆಯುವುದಷ್ಟೇ ಸಾಧ್ಯ.

ಷೋರೂಮಿನ ಟೆಸ್ಟ್ ಡ್ರೈವ್‌ನಿಂದ ಈ ಕೆಲಸ ಆಗುವುದಿಲ್ಲವೆಂಬುದು ಮೊದಲ ದಿನವೇ ತಿಳಿಯಿತು. ಒಂದೆಡೆ ರಸ್ತೆಯ ಅಂಚಿನ ಮಣ್ಣಿಗೆ ಒಂದು ಚಕ್ರ ಇಳಿಸಿದ್ದಕ್ಕೇ ಪಕ್ಕದಲ್ಲಿ ಕುಳಿತ ಹುಡುಗ ಗಾಬರಿಯಾದ. ಆದ್ದರಿಂದ ಜಿಮ್ನಿಯನ್ನು ವಿಜಯಪುರದಲ್ಲಿರುವ ನಮ್ಮ ಭಾವನವರಿಂದಲೂ, ಡೀಸೆಲ್ ಥಾರನ್ನು ಬೆಳಗಾವಿಯ ಗೆಳೆಯನಿಂದಲೂ, 2024ರ ಮಾದರಿಯ ಮೂರು ಬಾಗಿಲಿನ ಗೂರ್ಖಾವನ್ನು ಇಳಕಲ್ಲಿನಲ್ಲಿ ಕಲ್ಲಿನ ವ್ಯಾಪಾರ ಮಾಡುವ ಪರಿಚಯದವರಿಂದಲೂ ಎರವಲು ತಂದೆ. ಮೂರಕ್ಕೂ ಕಂಪನಿಯಿಂದ ಬಂದ ಟೈರುಗಳೇ ಇದ್ದವು.

ಗಾಡಿಗಳ ರಚನೆಯ ಮಾತನ್ನು ಮೊದಲು ಮುಗಿಸುತ್ತೇನೆ. ಮೂರೂ ಲ್ಯಾಡರ್ ಚಾಸಿಯ, ಅಂದರೆ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಗಾಡಿಗಳು. ಥಾರ್ ಮತ್ತು ಗೂರ್ಖಾಗಳ ಮುಂದಿನ ಚಕ್ರಗಳಿಗೆ ಬಿಡಿಬಿಡಿಯಾದ ಸಸ್ಪೆನ್ಷನ್ ಇದ್ದರೆ, ಜಿಮ್ನಿಗೆ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ ಇದೆ. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ ಕೊಡುವ ಟಾರ್ಕ್ (ತಿರುಗಿಸುವ ಬಲ) 134 ನ್ಯೂಟನ್ ಮೀಟರ್, ಥಾರಿನ 2.2 ಲೀಟರ್ ಡೀಸೆಲ್ 300, ಗೂರ್ಖಾದ 2.6 ಲೀಟರ್ ಡೀಸೆಲ್ 320. ನೆಲದಿಂದ ಎತ್ತರ ಕ್ರಮವಾಗಿ 210, 226 ಮತ್ತು 233 ಮಿಲಿಮೀಟರ್. ಕಾಗದದ ಮೇಲಿನ ಈ ಸಾಲುಗಳನ್ನು ಓದಿದವರು ಯಾರೇ ಆಗಲಿ ಜಿಮ್ನಿಯನ್ನು ಕಡೆಯಲ್ಲಿಡುತ್ತಾರೆ, ನಾನೂ ಇಟ್ಟಿದ್ದೆ. ಜಿಮ್ನಿಯ ತೂಕ ಸುಮಾರು 1,200 ಕಿಲೋ, ಥಾರಿನದು ಒಂದೂಮುಕ್ಕಾಲು ಟನ್ನಿನ ಆಸುಪಾಸು, ಗೂರ್ಖಾದ್ದು ಎರಡು ಟನ್ನಿನ ಆಸುಪಾಸು ಎಂಬ ಸಾಲಿನ ಮೇಲೆ ಮಾತ್ರ ಆಗ ಕಣ್ಣು ನಿಲ್ಲಲಿಲ್ಲ.

ಎರೆಮಣ್ಣಿನ ಸ್ವಭಾವ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದರ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತವೆ. ಹಸಿ ಎರೆ ಜಾರುವುದಕ್ಕಿಂತ ಹೆಚ್ಚಾಗಿ ಅಂಟುತ್ತದೆ. ನಾಲ್ಕು ಹೆಜ್ಜೆ ನಡೆದರೆ ಚಪ್ಪಲಿಯ ಅಡಿಗೆ ಮತ್ತೊಂದು ಚಪ್ಪಲಿ ಬೆಳೆಯುತ್ತದೆ, ಹತ್ತು ಹೆಜ್ಜೆಗೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಡೆಯಬೇಕಾಗುತ್ತದೆ. ಟೈರಿನ ಗತಿಯೂ ಅದೇ. ಹಲ್ಲುಗಳ ಸಂದಿಯೆಲ್ಲ ತುಂಬಿ, ನೂರು ಗಜದೊಳಗೆ ಚಕ್ರವು ಹಲ್ಲೇ ಇಲ್ಲದ ಕಪ್ಪು ಉಂಡೆಯಾಗುತ್ತದೆ.

ಮಳೆ ನಿಂತ ಮೂರನೆಯ ದಿನ ಜಿಮ್ನಿ ಮತ್ತು ಥಾರ್ ಎರಡನ್ನೂ ಒಂದೇ ಬೆಳಿಗ್ಗೆ ಬಂಡಿದಾರಿಗೆ ಇಳಿಸಿದೆ. ಎರಡರ ಟೈರಿನ ಗಾಳಿಯನ್ನೂ 18 ಪಿಎಸ್‌ಐಗೆ ಇಳಿಸಿಕೊಂಡು, ಫೋರ್ ಲೋ (ನಾಲ್ಕೂ ಚಕ್ರಗಳಿಗೆ ನಿಧಾನ, ಹೆಚ್ಚು ಬಲದ ಗೇರು) ಹಾಕಿ, ಎರಡನೆಯ ಗೇರಿನಲ್ಲಿ ಹೊರಟೆವು. ಮೊದಲ ಒಂದೂವರೆ ಕಿಲೋಮೀಟರಿನಲ್ಲಿ ಹೇಳುವಂಥದ್ದೇನೂ ಇಲ್ಲ. ಆಮೇಲೆ ತಗ್ಗು ಬರುತ್ತದೆ. ಅಲ್ಲಿ ಟ್ರ್ಯಾಕ್ಟರಿನ ಗಾಲಿ ಕೊರೆದ ಎರಡು ಗಾಡಿಜಾಡುಗಳು ಮೊಣಕಾಲಿನ ಅರ್ಧದಷ್ಟು ಆಳವಾಗಿದ್ದು, ನಡುವೆ ಮಣ್ಣಿನ ಏರಿ ಎದ್ದಿರುತ್ತದೆ. ಜಿಮ್ನಿಯ ಎಂಜಿನ್ ಕೂಗಿತು, ಹಿಂಬದಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಡಿತು, ಏರಿಯ ಮೇಲೆ ಹೊಟ್ಟೆ ಸವರಿದ ಸದ್ದೂ ಕೇಳಿತು. ಆದರೆ ಗಾಡಿ ನಿಲ್ಲಲಿಲ್ಲ. ಅದರ 195 ಮಿಲಿಮೀಟರ್ ಅಗಲದ ಟೈರುಗಳು ಎರೆಯನ್ನು ಎತ್ತಿಕೊಂಡವಾದರೂ, ಮಡ್‌ಗಾರ್ಡಿನೊಳಗೆ ಬಿಡುವಿದ್ದುದರಿಂದ ಉಂಡೆಗಳು ತಾವಾಗಿ ಕಳಚಿ ಬೀಳುತ್ತಿದ್ದವು.

ಥಾರ್ ಅದೇ ತಗ್ಗಿನಲ್ಲಿ ಹುಗಿಯಿತು. ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ವೇಗ ಕುಂದಿದಾಗ ಕಾಲು ಎತ್ತಿ ಹಿಂದಕ್ಕೆ ಸರಿಯುವ ಬದಲು, 300 ನ್ಯೂಟನ್ ಮೀಟರ್ ಇದೆಯೆಂಬ ಧೈರ್ಯದಲ್ಲಿ ಎಕ್ಸಲರೇಟರ್ ಒತ್ತಿದೆ. ಥಾರಿನ ಹಿಂದಿನ ಆಕ್ಸಲ್ಲಿನಲ್ಲಿ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್, ಅಂದರೆ ಎರಡು ಬದಿಯ ಚಕ್ರಗಳಿಗೆ ಬಲ ಹಂಚುವ, ಬೀಗವಿರುವ ಜೋಡಣೆ ಇದೆ. ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ಹೆಚ್ಚು ತಿರುಗತೊಡಗಿದರೆ ಅದು ತಾನಾಗಿಯೇ ಬೀಗ ಹಾಕಿಕೊಂಡು, ಎರಡೂ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಕಲ್ಲಿನ ಮೇಲೆ ಇದು ವರ. ಎರಡೂ ಚಕ್ರಗಳಿಗೆ ಹಿಡಿತವಿಲ್ಲದ ಎರೆಯಲ್ಲಿ ಮಾತ್ರ, ಒಂದು ಚಕ್ರ ತೋಡುತ್ತಿದ್ದ ಗುಂಡಿಯನ್ನು ಎರಡು ಚಕ್ರಗಳು ಕೂಡಿ ತೋಡುತ್ತವೆ. ಆಕ್ಸಲ್ ಮಣ್ಣಿಗೆ ತಾಗಿದ ಮೇಲೆ ಕೆಳಗಿಳಿದು ನೋಡಿದರೆ ಹಿಂದಿನ 255 ಮಿಲಿಮೀಟರಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರೆ ಇಟ್ಟಿಗೆಯಂತೆ ಬಿಗಿದುಕೊಂಡಿತ್ತು. ಪಕ್ಕದ ಹೊಲದ ಮುದುಕರೊಬ್ಬರು ಕುರ್ಪಿ ಹಿಡಿದುಕೊಂಡು ಬಂದು, ಮಾತಿಲ್ಲದೆ ಅಡಿಗೆ ಕುಳಿತು, ಬಂಡಿಯ ಗಾಲಿಯಿಂದ ಕೆರೆಯುವಂತೆಯೇ ಕೆರೆಯತೊಡಗಿದರು. "ಗಾಡಿ ಹುಗದಿಲ್ಲೋ ತಮ್ಮಾ, ಎರಿ ಹಿಡದೈತಿ" ಎಂದರು. ಅರ್ಧ ಗಂಟೆ ಕೆರೆದು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದೆವು.

ಗೂರ್ಖಾ ಬಂದದ್ದು ಎರಡು ವಾರದ ನಂತರ. ಮಳೆ ಹೆಚ್ಚುಕಡಿಮೆ ಅಷ್ಟೇ ಬಿದ್ದಿತ್ತು. ಮಣ್ಣು ಅದೇ ಹದದಲ್ಲಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ಈ ಗಾಡಿಯಲ್ಲಿ ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಡಿಫರೆನ್ಷಿಯಲ್ ಲಾಕ್ ಇದ್ದು, ಅವುಗಳನ್ನು ಯಾವಾಗ ಹಾಕಬೇಕೆಂಬುದನ್ನು ಚಾಲಕನೇ ನಿರ್ಧರಿಸುತ್ತಾನೆ. ಎರಡನ್ನೂ ಹಾಕಿಕೊಂಡು, ಈ ಸಲ ಕಾಲನ್ನು ಹಗುರಾಗಿಟ್ಟು ಹೋದಾಗ ಗೂರ್ಖಾ ಆ ತಗ್ಗನ್ನು ದಾಟಿತು. ಆದರೆ ಮುಂದಿನ ಲಾಕ್ ಬಿದ್ದಾಗ ಯಾವ ಗಾಡಿಯೂ ಸ್ಟಿಯರಿಂಗ್ ಮಾತನ್ನು ಸುಲಭವಾಗಿ ಕೇಳುವುದಿಲ್ಲ. ಜಾಡು ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೇ ಹೋಗಬೇಕು. ನಮ್ಮ ಬದುವಿಗೆ ತಿರುಗಬೇಕಾದಲ್ಲಿ ತಿರುಗಲಾಗದೆ, ನೆರೆಯವರ ತೊಗರಿ ಸಾಲಿನ ಅಂಚಿಗೆ ಹೋಗಿ ನಿಂತೆ. ಅದಕ್ಕಾಗಿ ಕೇಳಿದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಇಳಕಲ್ಲಿನ ಕ್ವಾರಿಯಲ್ಲಿ ಲೆಕ್ಕ ತಲೆಕೆಳಗಾಯಿತು. ಕೆಂಪು ಗ್ರಾನೈಟ್ ತೆಗೆದು ಬಿಟ್ಟ ಹಳೆಯ ಗುಂಡಿಯೊಳಗೆ ಇಳಿಯುವ ಇಳಿಜಾರು, ಮೇಲೆಲ್ಲ ಒಡೆದ ಕಲ್ಲಿನ ಚೂರು, ಒಂದು ಕಡೆ ಮೊಣಕಾಲೆತ್ತರದ ಮೆಟ್ಟಿಲಿನಂಥ ಬಂಡೆ. ಏರುವಾಗ ಒಂದು ಚಕ್ರ ಗಾಳಿಯಲ್ಲಿ ತೇಲುವುದು ಖಚಿತ. ಜಿಮ್ನಿಯ ವ್ಯವಸ್ಥೆ ಬೀಗದ್ದಲ್ಲ, ಬ್ರೇಕಿನದು: ತೇಲಿದ ಚಕ್ರವನ್ನು ಕಂಪ್ಯೂಟರ್ ಬ್ರೇಕ್ ಹಾಕಿ ಹಿಡಿದು, ಬಲವನ್ನು ಎದುರಿನ ಚಕ್ರಕ್ಕೆ ಕಳಿಸುತ್ತದೆ. ಕಟಕಟ ಸದ್ದು ಮಾಡುತ್ತ, ಕ್ಷಣಕಾಲ ಯೋಚಿಸಿದಂತೆ ನಿಂತು, ಮೂರನೆಯ ಪ್ರಯತ್ನಕ್ಕೆ ಮೇಲೆ ಬಂತು. ಥಾರ್ ಮೊದಲ ಸಲಕ್ಕೇ ಹತ್ತಿತು, ಹಿಂದಿನ ಆಕ್ಸಲ್ ಬೀಗ ಬಿದ್ದ ಕ್ಷಣ ಸೀಟಿನಲ್ಲೇ ತಿಳಿಯಿತು. ಗೂರ್ಖಾ ಮಾತ್ರ ನಡೆದುಹೋಯಿತು ಎನ್ನಬೇಕು. ಎರಡೂ ಲಾಕ್ ಹಾಕಿ, ಎಕ್ಸಲರೇಟರನ್ನು ಮುಟ್ಟದೆಯೇ, ಎತ್ತು ದಿಬ್ಬ ಹತ್ತುವ ನಿಧಾನದಲ್ಲಿ, ಒಂದು ಚೂರೂ ಹಾರದಂತೆ ಮೇಲಕ್ಕೆ ಸರಿಯಿತು. ಕಲ್ಲಿನಲ್ಲೇ ಬದುಕುವವರು ಈ ಗಾಡಿಯನ್ನು ಯಾಕೆ ಬಿಡುವುದಿಲ್ಲವೆಂದು ಅಲ್ಲಿ ಅರ್ಥವಾಯಿತು.

ಖಾನಾಪುರದ ಕಡೆಗೆ, ಜಾಂಬೋಟಿಯಿಂದ ಕಣಕುಂಬಿಯ ದಿಕ್ಕಿಗೆ, ಥಾರ್ ಮತ್ತು ಜಿಮ್ನಿಗಳನ್ನಷ್ಟೇ ಒಯ್ದಿದ್ದೆ. ಕೆಂಪು ಮುರುಕಲ್ಲಿನ ಮಣ್ಣು ಜಾರುತ್ತದೆ, ಅಂಟುವುದಿಲ್ಲ. ಎರಡಕ್ಕೂ ಅಲ್ಲಿ ತೊಂದರೆಯಾಗಲಿಲ್ಲ. ತೋಟದ ನಡುವಿನ ಕಿರಿದಾರಿಯಲ್ಲಿ 1,645 ಮಿಲಿಮೀಟರ್ ಅಗಲದ ಜಿಮ್ನಿಗೂ 1,820 ಮಿಲಿಮೀಟರ್ ಅಗಲದ ಥಾರಿಗೂ ಇರುವ ಮುಕ್ಕಾಲು ಗೇಣಿನ ಅಂತರ ಕನ್ನಡಿಗಳಿಗೆ ಗೊತ್ತಾಯಿತು. ಹಳ್ಳದಲ್ಲಿ ಕೋಲು ಇಳಿಸಿ ನೋಡಿದಾಗ ನೀರು ಮೊಣಕಾಲಿಗೆ ಬಂತು. 650 ಮಿಲಿಮೀಟರ್ ನೀರಿನವರೆಗೆ ಹೋಗಬಹುದೆಂದು ಕಂಪನಿಯೇ ಹೇಳುವ ಥಾರನ್ನು ದಾಟಿಸಿದೆ, ಜಿಮ್ನಿಯನ್ನು ಇಳಿಸಲಿಲ್ಲ. 700 ಮಿಲಿಮೀಟರ್ ಮಿತಿ ಮತ್ತು ಸ್ನಾರ್ಕೆಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ಒಯ್ಯುವ ಕೊಳವೆ) ಇರುವ ಗೂರ್ಖಾಕ್ಕೆ ಅದು ಮಾತೇ ಅಲ್ಲ. ಹೆದ್ದಾರಿಯ ಮಟ್ಟಿಗೆ, ವಿಜಯಪುರದಿಂದ ಬೆಳಗಾವಿಗೆ ಹೋಗಿಬರಲು ನನಗೆ ಹಿತವೆನಿಸಿದ್ದು ಥಾರ್.

ಇನ್ನು ರಾಕ್ಸ್. ಹೊರಬಂದಿರುವ ಅಂಕಿಗಳನ್ನು ಈ ಮೂರರ ಜೊತೆ ಇಟ್ಟು ನೋಡಿದರೆ, ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2,850 ಮಿಲಿಮೀಟರ್, ಅಂದರೆ ಮೂರು ಬಾಗಿಲಿನ ಥಾರಿಗಿಂತ 400 ಹೆಚ್ಚು. ಇಷ್ಟುದ್ದದ ಗಾಡಿ ಒಡ್ಡು ದಾಟುವಾಗ ಹೊಟ್ಟೆ ಉಜ್ಜದಿರದೆಂದು ನಾನು ಮೊದಲು ತೀರ್ಮಾನಿಸಿದ್ದೆ. ಆದರೆ ನಡುಹೊಟ್ಟೆಯ ಕೋನ, ಅಂದರೆ ಹೊಟ್ಟೆ ತಾಗದೆ ದಾಟಬಲ್ಲ ದಿಬ್ಬದ ಕೋನ, 23.9 ಡಿಗ್ರಿ ಎಂದು ಕಂಪನಿ ಕೊಟ್ಟಿದೆ, ನಮ್ಮ ಒಡ್ಡನ್ನು ಸವರಿಕೊಂಡಾದರೂ ದಾಟಿದ ಜಿಮ್ನಿಯದು 24. ಹಾಗಾಗಿ ಒಡ್ಡಿನ ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಡೀಸೆಲ್ ಫೋರ್ ಬೈ ಫೋರ್ ಮಾದರಿಗೆ ಹಿಂದೆ ಎಲೆಕ್ಟ್ರಾನಿಕ್ ಲಾಕ್ ಇದೆ. ಒಳಬದಿಯ ಹಿಂದಿನ ಚಕ್ರವನ್ನು ಹಿಡಿದು ಗಾಡಿಯನ್ನು ಬಿಗಿಯಾಗಿ ತಿರುಗಿಸುವ ಸೌಲಭ್ಯವೂ ಇದೆ. ಬದುವಿನ ಮೂಲೆಯಲ್ಲಿ ತಿರುಗಲು ಒದ್ದಾಡಿದವನಿಗೆ ಅದರ ಬೆಲೆ ಗೊತ್ತು. ನಾಲ್ಕು ಡಿಎಪಿ ಚೀಲ ಹಾಕಿದರೂ ಹಿಂಬದಿಯಲ್ಲಿ ಜಾಗ ಉಳಿಯುತ್ತದೆ. ಜಿಮ್ನಿಯ 208 ಲೀಟರಿನ ಡಿಕ್ಕಿಯಲ್ಲಿ ಹಿಂದಿನ ಸೀಟು ಮಡಿಸದೆ ಆ ಮಾತೇ ಇಲ್ಲ.

ಆದರೂ ತೂಕದ ಪ್ರಶ್ನೆ ಉಳಿಯುತ್ತದೆ. 1,870 ಮಿಲಿಮೀಟರ್ ಅಗಲ, ನಾಲ್ಕೂವರೆ ಮೀಟರಿಗೆ ಹತ್ತಿರದ ಉದ್ದವಿರುವ ಗಾಡಿ ಮೂರು ಬಾಗಿಲಿನ ಥಾರಿಗಿಂತ ಹಗುರಾಗಿರಲು ಸಾಧ್ಯವಿಲ್ಲ. ಹಿಂದಿನ ಲಾಕ್ ಎಲೆಕ್ಟ್ರಾನಿಕ್ ಆಗಿದ್ದರೂ ಎರೆಯಲ್ಲಿ ಮಾಡುವ ಕೆಲಸ ಅದೇ ಗುಂಡಿ ತೋಡುವುದು. ಕುಟುಂಬಕ್ಕೆ ಒಂದೇ ಗಾಡಿ, ತಿಂಗಳಿಗೆ ನಾಲ್ಕು ಸಲ ಬೆಳಗಾವಿ ಅಥವಾ ಹುಬ್ಬಳ್ಳಿಯ ಓಡಾಟ, ಹೊಲ ಮಸಾರಿಯದು (ಅಂಟದ ಕೆಂಪು ಮಣ್ಣಿನದು) ಎನ್ನುವವರು ರಾಕ್ಸನ್ನು ನೋಡುವುದು ಒಳ್ಳೆಯದು. ಬಾದಾಮಿ, ಗುಳೇದಗುಡ್ಡ, ಇಳಕಲ್ಲಿನ ಕಲ್ಲಿನ ಸೀಮೆಯವರು ಗೂರ್ಖಾವನ್ನು ಒಮ್ಮೆ ಓಡಿಸದೆ ನಿರ್ಧರಿಸಬಾರದು, ಒಳಗೆ ಹತ್ತಲು ಹಿರಿಯರಿಗೆ ಮಾತ್ರ ಒಂದು ಮಣೆ ಇಟ್ಟುಕೊಂಡಿರಬೇಕು. ಡೋಣಿ ಸಾಲಿನ ಎರೆಗೆ ನಾನು ಜಿಮ್ನಿಯನ್ನೇ ಆರಿಸುತ್ತೇನೆ. ಊರ ಕಟ್ಟೆಯ ಮೇಲೆ ಕುಳಿತವರು ಥಾರನ್ನು ನೋಡಿ ಎದ್ದು ನಿಂತಂತೆ ಅದನ್ನು ನೋಡಿ ಏಳಲಿಲ್ಲ, ಮುದುಕರೊಬ್ಬರ ಹೊರತು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಮುಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ, ಕುರ್ಪಿ ಆಡುತ್ತದೆಯೇ ಎಂದು ನೋಡಿದರು. ರಾಕ್ಸನ್ನು ವಿಜಯಪುರದ ಷೋರೂಮಿನಲ್ಲಿ ನೋಡುವ ದಿನ ನಾನೂ ಮೊದಲು ಅಲ್ಲಿಗೇ ಕೈ ಹಾಕುವವನಿದ್ದೇನೆ.